ರೈಲ್ವೆ ಪಟ್ಟಿ ಮತ್ತು ಸೆಣಬಿನ ಎಳೆ: ಆಚಾರ್ಯ ಜಗದೀಶಚಂದ್ರ ಬೋಸರು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಇತರರ ವಿಷಯದಲ್ಲಿ ಹೇಳುವುದು ಸುಲಭ; ನಮ್ಮ ವಿಷಯದಲ್ಲಿ ಹೇಳಿಕೊಳ್ಳುವುದು ಕಷ್ಟ. ಶಾಲೆಯಲ್ಲಿ ವಿಜ್ಞಾನವು ಬರಿಯ ಬಾಯಿಪಾಠವಾಗಿರುವುದೇಕೆಂದು ಕೇಳಿದರೆ ಉಪಾಧ್ಯಾಯರು ಉಪಕರಣಗಳಿಲ್ಲವೆನ್ನುತ್ತಾರೆ. ಉಪಕರಣಗಳೇಕಿಲ್ಲವೆಂದು ಕೇಳಿದರೆ ಅಧಿಕಾರಿಗಳು ಹಣವಿಲ್ಲವೆನ್ನುತ್ತಾರೆ. ಹಣವೇಕಿಲ್ಲವೆಂದು ಕೇಳಿದರೆ ಉತ್ತರ ಹೇಳುವವರು ಯಾರೂ ಇಲ್ಲ. ಇದರ ನಡುವೆ ಹುಡುಗನು ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಹೊರಬೀಳುತ್ತಾನೆ. ಅವನ ಕೈಗಳು ಮಾತ್ರ ಏನನ್ನೂ ಕಲಿತಿರುವುದಿಲ್ಲ.

ಆದರೆ ಹುಡುಗರ ಬುದ್ಧಿಯು ಶಾಲೆಯ ಅಪ್ಪಣೆಗಾಗಿ ಕಾದು ಕುಳಿತಿರುವುದಿಲ್ಲ. ರೇಡಿಯೋ ಹೊಸತಾಗಿ ಬಂದ ದಿನಗಳಲ್ಲಿ ಮಾಳಿಗೆಯ ಮೇಲೆ ಎರಡು ಬಿದಿರು ಗಳಗಳನ್ನು ನೆಟ್ಟು, ನಡುವೆ ತಾಮ್ರದ ತಂತಿಯನ್ನು ಬಿಗಿದು, ದೂರದ ನಿಲಯಗಳ ಗಾನವನ್ನು ಮನೆಯೊಳಕ್ಕೆ ಇಳಿಸಿಕೊಂಡವರು ನಮ್ಮ ಊರುಗಳಲ್ಲಿ ಬಹುಮಂದಿ ಇದ್ದರು. ಈಗಿನ ಹುಡುಗರು ಅಂತರ್ಜಾಲದ ನಿಸ್ತಂತು ಸಂಕೇತವು ಕುಂದಿದಾಗ ತಗಡಿನ ಡಬ್ಬಿಯನ್ನೊ, ಅಡಿಗೆಮನೆಯ ಲೋಹದ ಜರಡಿಯನ್ನೊ ತಂದು ಯಂತ್ರದ ಹಿಂದಿಟ್ಟು ಅಲೆಗಳನ್ನು ಒಂದೆಡೆಗೆ ಕೂಡಿಸಲೆಳಸುತ್ತಾರೆ. ಹಿರಿಯರು ಇದನ್ನು ಹುಡುಗಾಟವೆಂದು ಗದರಿಸುವುದುಂಟು. ಆದರೆ ಈ ಹುಡುಗಾಟದ ವಂಶವು ಬಹು ದೊಡ್ಡದು. ಅದರ ಮೂಲಪುರುಷರಲ್ಲಿ ಒಬ್ಬರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನ ಒಂದು ಕಿರುಕೋಣೆಯಲ್ಲಿ, ಒಬ್ಬ ತಗಡಿನ ಕೆಲಸದವನನ್ನು ಜೊತೆಗಿಟ್ಟುಕೊಂಡು, ಜಗತ್ತಿನ ವಿಜ್ಞಾನಿಗಳು ತಿರುಗಿ ನೋಡುವಂತಹ ಕೆಲಸವನ್ನು ಮಾಡಿದರು. ಆ ಮಹನೀಯರೇ ಆಚಾರ್ಯ ಜಗದೀಶಚಂದ್ರ ಬೋಸರು. ಅವರ ಚರಿತ್ರೆಯನ್ನು ವಾಚಕರ ಮುಂದೆ ಇಡುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ಬೋಸರು 1858ನೆಯ ನವೆಂಬರ್ 30ರಂದು ಈಗ ಬಾಂಗ್ಲಾದೇಶಕ್ಕೆ ಸೇರಿರುವ ಪೂರ್ವ ಬಂಗಾಳದಲ್ಲಿ ಜನಿಸಿದರು. ತಂದೆ ಭಗವಾನ್ ಚಂದ್ರ ಬೋಸರು ಸರಕಾರದ ಅಧಿಕಾರಿಗಳು, ಬ್ರಾಹ್ಮಸಮಾಜದವರು. ಅಧಿಕಾರಿಗಳ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದೇ ಮರ್ಯಾದೆಯೆಂದು ಎಣಿಸುತ್ತಿದ್ದ ಕಾಲದಲ್ಲಿ ಅವರು ಮಗನನ್ನು ಬಂಗಾಳಿ ಪಾಠಶಾಲೆಗೆ ಸೇರಿಸಿದರು. ಅಲ್ಲಿ ಬಾಲಕನ ಒಂದು ಮಗ್ಗುಲಲ್ಲಿ ಮನೆಯ ಮುಸಲ್ಮಾನ ಸೇವಕನ ಮಗ, ಮತ್ತೊಂದು ಮಗ್ಗುಲಲ್ಲಿ ಬೆಸ್ತರ ಹುಡುಗ ಕುಳಿತಿರುತ್ತಿದ್ದರು. ಮಾತೃಭಾಷೆಯೂ, ದುಡಿಯುವವರ ಮಕ್ಕಳ ಸಹವಾಸವೂ ತಮಗೆ ಮಾಡಿದ ಉಪಕಾರವನ್ನು ಬೋಸರು ವಯಸ್ಸಾದ ಮೇಲೂ ಕೃತಜ್ಞತೆಯಿಂದ ಸ್ಮರಿಸುತ್ತಿದ್ದರು. ಭಗವಾನ್ ಚಂದ್ರರು ಬರ್ದ್ವಾನಿನಲ್ಲಿದ್ದಾಗ ಅನಾಥ ಹುಡುಗರಿಗಾಗಿ ತಮ್ಮ ಮನೆಯ ಆವರಣದಲ್ಲಿಯೇ ಬಡಗಿಯ ಕೆಲಸ, ಲೋಹದ ಕೆಲಸಗಳ ಕಮ್ಮಟವೊಂದನ್ನು ತೆರೆದರು. ಉಳಿ ಹಿಡಿಯುವ ಕೈ, ಎರಕ ಹೊಯ್ಯುವ ಕೈ ಹೇಗೆ ಆಲೋಚಿಸುತ್ತವೆಂಬುದನ್ನು ಜಗದೀಶನು ಅಲ್ಲಿ ಕಣ್ಣಾರೆ ಕಂಡನು. ತಂದೆಯ ಸ್ವದೇಶಿ ಉದ್ಯಮಗಳಲ್ಲಿ ಹಲವು ನಷ್ಟ ಹೊಂದಿ ಮನೆಗೆ ಸಾಲವನ್ನು ತಂದೊಡ್ಡಿದುವು. ಆದರೆ ಈ ಒಂದು ಕಮ್ಮಟದ ಲಾಭವು ಲೆಕ್ಕದ ಪುಸ್ತಕದಲ್ಲಿ ಬಾರದೆ ಮಗನಲ್ಲಿ ಬಂದಿತೆನ್ನಬಹುದು.

ಮುಂದೆ ಕಲ್ಕತ್ತೆಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಫಾದರ್ ಲಾಫೋಂ ಎಂಬ ಪಾದ್ರಿಗಳು, ಪ್ರಯೋಗಗಳನ್ನು ಮಾಡಿ ತೋರಿಸುತ್ತ, ಅವರಿಗೆ ಭೌತವಿಜ್ಞಾನದ ರುಚಿಯನ್ನು ಹತ್ತಿಸಿದರು. ಯುವಕನಿಗೆ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕುಳ್ಳಿರಬೇಕೆಂಬ ಆಸೆಯಿತ್ತು. ತಂದೆ ತಾವೇ ಅಧಿಕಾರಿಗಳಾಗಿದ್ದರೂ ಅದಕ್ಕೊಪ್ಪಲಿಲ್ಲ. ಮಗನು ಇತರರನ್ನು ಆಳುವುದಕ್ಕಿಂತ ವಿದ್ಯೆಯಲ್ಲಿ ತನ್ನನ್ನು ತಾನು ಆಳಿಕೊಳ್ಳಲೆಂಬುದು ಅವರ ಇಷ್ಟ. 1880ರಲ್ಲಿ ವೈದ್ಯ ಕಲಿಯಲು ಲಂಡನ್ನಿಗೆ ಹೋದ ಜಗದೀಶಚಂದ್ರರು ಜ್ವರದಿಂದ ಪೀಡಿತರಾಗಿ ಆ ವಿದ್ಯೆಯನ್ನು ಬಿಟ್ಟು, 1882ರಲ್ಲಿ ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜನ್ನು ಸೇರಿ, ಲಾರ್ಡ್ ರ್‍ಯಾಲೆಯಂತಹ ಗುರುಗಳ ಬಳಿ ಕಲಿತು, 1884ರಲ್ಲಿ ಪದವೀಧರರಾದರು.

1885ರಲ್ಲಿ ಅವರಿಗೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕತ್ವ ದೊರೆಯಿತು. ದೊರೆತ ರೀತಿ ಮಾತ್ರ ಅವಮಾನಕರ. ನಿಖರವಾದ ವಿಜ್ಞಾನವನ್ನು ಬೋಧಿಸಲು ಭಾರತೀಯರು ಯೋಗ್ಯರಲ್ಲವೆಂದು ವಿದ್ಯಾಭ್ಯಾಸ ಇಲಾಖೆಯ ಮೇಲಧಿಕಾರಿಗಳು ಬಗೆದಿದ್ದರು. ಒಂದೇ ಕೆಲಸಕ್ಕೆ ಐರೋಪ್ಯನಿಗೆ ಪೂರ್ಣ ಸಂಬಳ, ಭಾರತೀಯನಿಗೆ ಮೂರರಲ್ಲಿ ಎರಡು ಪಾಲು. ಬೋಸರ ನೇಮಕವು ತಾತ್ಕಾಲಿಕವೆಂಬ ನೆಪದಿಂದ ಆ ಎರಡು ಪಾಲಿನಲ್ಲಿಯೂ ಅರ್ಧವನ್ನು ಕತ್ತರಿಸಿದರು. ಬೋಸರು ಅರ್ಜಿಗಳನ್ನು ಬರೆದು ಕಾಡಲಿಲ್ಲ, ರಾಜೀನಾಮೆಯನ್ನೂ ಕೊಡಲಿಲ್ಲ. ಮೂರು ವರ್ಷಗಳ ಕಾಲ ಒಂದು ದಿನವೂ ತಪ್ಪದೆ ಪಾಠ ಹೇಳಿದರು. ತಿಂಗಳು ತಿಂಗಳೂ ಬಂದ ಸಂಬಳವನ್ನು ಮುಟ್ಟದೆ ಹಿಂದಿರುಗಿಸಿದರು. ಆ ಕಾಲದಲ್ಲಿಯೇ, 1887ರಲ್ಲಿ, ಅಬಲಾದೇವಿಯವರೊಡನೆ ವಿವಾಹವಾಯಿತು. ತಂದೆಯ ಸಾಲ ಒಂದು ಕಡೆ, ಬರಿದಾದ ಕೈ ಮತ್ತೊಂದು ಕಡೆ. ಕಲ್ಕತ್ತೆಯಲ್ಲಿ ಬಾಡಿಗೆ ತೆರಲಾರದೆ ದಂಪತಿಗಳು ಹೂಗ್ಲಿಯ ಆಚೆ ದಡದ ಚಂದ್ರನಗರದಲ್ಲಿ ಮನೆ ಮಾಡಿದರು. ಅಧ್ಯಾಪಕರು ದೋಣಿಯಲ್ಲಿ ನದಿಯನ್ನು ದಾಟಿ ಕಾಲೇಜಿಗೆ ಬರುತ್ತಿದ್ದರು. ಕೊನೆಗೆ ಸೋತದ್ದು ಇಲಾಖೆ. ಅವರ ಕೆಲಸವು ಕಾಯಮ್ಮಾಗಿ, ಹಿಂದಿನ ಮೂರು ವರ್ಷಗಳ ಪೂರ್ಣ ಸಂಬಳವೂ ಒಟ್ಟಿಗೆ ಸಂದಾಯವಾಯಿತು. ಅದು ತಂದೆಯ ಸಾಲಕ್ಕೆ ಹೋಯಿತು.

ಇಷ್ಟು ಸ್ವಾಭಿಮಾನಿಯಾದ ಅಧ್ಯಾಪಕನಿಗೆ ಸಂಶೋಧನೆಗಾಗಿ ಕಾಲೇಜು ಕೊಟ್ಟುದೇನು? ಏನೂ ಇಲ್ಲವೆನ್ನಬೇಕು. ಪ್ರಯೋಗಶಾಲೆಯೆಂಬ ಹೆಸರಿಗೆ ಸ್ನಾನಗೃಹದ ಪಕ್ಕದ ಒಂದು ಇಕ್ಕಟ್ಟಾದ ಜಾಗ. ಸಹಾಯಕನೆಂದರೆ ವಿಜ್ಞಾನದ ಗಂಧವಿಲ್ಲದ, ತಗಡು ಕತ್ತರಿಸಿ ಬೆಸುಗೆ ಹಾಕಬಲ್ಲ ಒಬ್ಬ ಕೆಲಸಗಾರ. ಸಂಶೋಧನೆಯ ವೆಚ್ಚವು ಅಧ್ಯಾಪಕರ ಸ್ವಂತ ಜೇಬಿನದು. ಅದಕ್ಕೆ ಬೇಕಾದ ಕಾಲವು ಪಾಠಗಳು ಮುಗಿದ ಮೇಲಿನದು. ಈ ಸ್ಥಿತಿಯಲ್ಲಿ, ಮೂವತ್ತೈದು ದಾಟಿದ ವಯಸ್ಸಿನಲ್ಲಿ, 1894ರ ಸುಮಾರಿಗೆ ಅವರು ವಿದ್ಯುತ್ತರಂಗಗಳ ಶೋಧನೆಗೆ ಕೈಹಾಕಿದರು.

ಈ ತರಂಗಗಳೆಂದರೆ ಏನೆಂಬುದನ್ನು ಎರಡು ಮಾತಿನಲ್ಲಿ ಹೇಳಬೇಕು. ಬೆಳಕು ಹೇಗೆ ಅಲೆಯಾಗಿ ಹರಡುವುದೊ ಹಾಗೆಯೇ ವಿದ್ಯುತ್ತಿನ ಕಿಡಿಯಿಂದಲೂ ಕಣ್ಣಿಗೆ ಕಾಣದ ಅಲೆಗಳು ಹರಡಬೇಕೆಂದು ಮ್ಯಾಕ್ಸ್‌ವೆಲ್ ಎಂಬ ಪಂಡಿತನು ಗಣಿತದಿಂದ ಸಾಧಿಸಿದ್ದನು. ಜರ್ಮನಿಯ ಹರ್ಟ್ಸನು 1887-88ರಲ್ಲಿ ಅವುಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟನು. ಹರ್ಟ್ಸನ ಅಲೆಗಳು ಉದ್ದವಾದುವು. ಅವುಗಳಲ್ಲಿ ಅತಿ ಚಿಕ್ಕದಕ್ಕೂ ಮೊಳಕ್ಕೆ ಮೀರಿದ ಅಳತೆ. ಅಲೆ ಉದ್ದವಾದಷ್ಟೂ ಅದನ್ನು ಹಿಡಿಯುವ ಕನ್ನಡಿ, ಬಾಗಿಸುವ ಪಟ್ಟಕ ಎಲ್ಲವೂ ದೊಡ್ಡವಾಗಬೇಕು. ಹರ್ಟ್ಸನು ಮಣಗಟ್ಟಲೆ ತೂಗುವ ರಾಳದ ಪಟ್ಟಕವನ್ನು ಎರಕ ಹೊಯ್ಯಿಸಬೇಕಾಯಿತು. ಅಷ್ಟು ದೊಡ್ಡ ಸಾಮಗ್ರಿಗೆ ಬೋಸರಲ್ಲಿ ಹಣವೂ ಇಲ್ಲ, ಜಾಗವೂ ಇಲ್ಲ. ಅವರು ಮಾಡಿದುದೇನೆಂದರೆ, ಕೋಣೆಯನ್ನು ಹಿಗ್ಗಿಸಲಾಗದಿದ್ದರೆ ಅಲೆಯನ್ನೇ ಕುಗ್ಗಿಸುವುದು. ಸಣ್ಣ ಲೋಹದ ಗುಂಡುಗಳ ನಡುವೆ ಕಿಡಿ ಹಾರಿಸಿ ಅವರು ಅಲೆಯ ಉದ್ದವನ್ನು 5 ಮಿಲಿಮೀಟರಿನವರೆಗೆ ಇಳಿಸಿದರು. ಅಂದರೆ ಒಂದು ಸೆಕೆಂಡಿಗೆ ಸುಮಾರು 6,000 ಕೋಟಿ ಸ್ಪಂದನಗಳು. ಅಂತಹ ಅಲೆಗಳನ್ನು ಪಳಗಿಸುವ ಉಪಕರಣಗಳೆಲ್ಲ ಒಂದು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕವಾದುವು. ಬಡತನವು ಅವರನ್ನು ತಡೆಯಲಿಲ್ಲ, ದಾರಿಯನ್ನೇ ತೋರಿತು.

ಆ ಉಪಕರಣಗಳನ್ನು ನೋಡಿದರೆ ಸಂಸಾರಸ್ಥನ ಮನೆಯ ಸಾಮಾನುಗಳನ್ನು ನೋಡಿದಂತೆಯೇ ಇದೆ. ಎಣ್ಣೆಯನ್ನು ಸೀಸೆಗೆ ಹೊಯ್ಯಲು ನಾವು ಆಲಿಕೆಯನ್ನು ಬಳಸುತ್ತೇವಲ್ಲವೆ? ಬಾಯಗಲವಾದ ಆಲಿಕೆಯು ಹರಡಿದುದನ್ನು ಕಿರಿದಾದ ದಾರಿಗೆ ಕೂಡಿಸುತ್ತದೆ. ಬೋಸರು ಲೋಹದ ತಗಡಿನಿಂದ ಚೌಕಾಕಾರದ ಬಾಯುಳ್ಳ ಇಂತಹುದೇ ಒಂದು ಆಲಿಕೆಯನ್ನು ಮಾಡಿಸಿ ಗ್ರಾಹಕದ ಮುಂದಿಟ್ಟರು. ಹರಡಿ ಬರುತ್ತಿದ್ದ ಅಲೆಗಳು ಅದರೊಳಗೆ ಕೂಡಿ, ಕ್ಷೀಣವಾದ ಸಂಕೇತವು ಬಲಗೊಂಡಿತು. ಈ ಆಲಿಕೆಯೇ ಇಂದು ಕೊಂಬಿನ ಆಂಟೆನಾ ಎಂಬ ಹೆಸರಿನಿಂದ ಪ್ರಪಂಚದ ಪ್ರಯೋಗಶಾಲೆಗಳಲ್ಲಿಯೂ, ಉಪಗ್ರಹಗಳೊಡನೆ ಮಾತನಾಡುವ ದೊಡ್ಡ ತಟ್ಟೆಗಳ ಮುಂದೆಯೂ ನಿಂತಿದೆ. ಅಲೆಗಳನ್ನು ಚದುರಗೊಡದೆ ನಡೆಸಲು ಅವರು ಟೊಳ್ಳು ಲೋಹದ ಕೊಳವೆಗಳನ್ನು ಬಳಸಿದರು. ಬಾಗಿಸುವುದಕ್ಕೆ ಗಂಧಕದ ಎರಕದ ಪಟ್ಟಕಗಳನ್ನು ಮಾಡಿಕೊಂಡರು. ಬಂದ ಅಲೆಯನ್ನು ಗುರುತಿಸುವುದಕ್ಕೆ ಉಕ್ಕಿನ ಸಣ್ಣ ಸುರುಳಿಗಳನ್ನು ಒಂದು ತೋಡಿನಲ್ಲಿ ಸಾಲಾಗಿ ಒತ್ತಿಟ್ಟರು. ಅಲೆ ತಾಕಿದೊಡನೆ ಸುರುಳಿಗಳ ಸಂಧಿಗಳಲ್ಲಿ ವಿದ್ಯುತ್ತು ಸರಾಗವಾಗಿ ಹರಿದು ಮಾಪಕದ ಮುಳ್ಳು ತಿರುಗುತ್ತಿತ್ತು.

ಇನ್ನೂ ಸ್ವಾರಸ್ಯವಾದುದು ರೈಲ್ವೆ ಪಟ್ಟಿಯ ಕಥೆ. ಅಲೆಯ ಕಂಪನವು ಮೇಲೆ ಕೆಳಗೆ ಆಗುತ್ತಿದೆಯೊ ಎಡಬಲಕ್ಕೆ ಆಗುತ್ತಿದೆಯೊ ಎಂದು ಬೇರ್ಪಡಿಸಿ, ಒಂದು ಬಗೆಯದನ್ನು ಮಾತ್ರ ಹಾಯಗೊಡುವ ಸಾಧನವೊಂದು ಬೇಕಾಗಿತ್ತು. ಬೋಸರು ಬ್ರಾಡ್‌ಷಾ ಎಂಬ ರೈಲ್ವೆ ವೇಳಾಪಟ್ಟಿಯನ್ನು ತೆಗೆದುಕೊಂಡು ಅದರ ಹಾಳೆಗಳ ನಡುವೆ ತವರದ ರೇಕುಗಳನ್ನು ಇಟ್ಟರು. ರೇಕುಗಳಿಗೆ ಸಮಾಂತರವಾಗಿ ಕಂಪಿಸುವ ಅಲೆಯು ಲೋಹದಲ್ಲಿ ವಿದ್ಯುತ್ತನ್ನು ಹುಟ್ಟಿಸಿ ಅಲ್ಲಿಯೇ ತಡೆಯಲ್ಪಡುತ್ತದೆ. ಅಡ್ಡವಾಗಿ ಕಂಪಿಸುವುದು ಸಂದುಗಳಲ್ಲಿ ನುಸುಳಿ ಆಚೆಗೆ ಹೋಗುತ್ತದೆ. ಪುಸ್ತಕವನ್ನು ಕಾಲು ಸುತ್ತು ತಿರುಗಿಸಿದರೆ ಫಲವೂ ತಿರುಗುತ್ತದೆ. ರೇಕುಗಳಿಲ್ಲದ ಬರಿಯ ಪುಸ್ತಕದಲ್ಲಿಯೂ ಈ ಗುಣವು ಸ್ವಲ್ಪಮಟ್ಟಿಗೆ ಇದೆಯೆಂಬುದನ್ನು ಅವರು ಕಂಡುಹಿಡಿದರು. ಬಂಗಾಳದ ಹೊಲಗಳಲ್ಲಿ ಬೆಳೆಯುವ ಸೆಣಬನ್ನೂ ಅವರು ಬಿಡಲಿಲ್ಲ. ಸೆಣಬಿನ ಎಳೆಗಳ ಕಟ್ಟನ್ನು ಹುರಿಗೊಳಿಸಿ ಅಲೆಯ ದಾರಿಯಲ್ಲಿಟ್ಟಾಗ ಕಂಪನದ ದಿಕ್ಕು ಒಂದು ಕಡೆಗೆ ಹೊರಳಿತು. ಹುರಿಯನ್ನು ವಿರುದ್ಧವಾಗಿ ಹಾಕಿದಾಗ ಅದು ಇನ್ನೊಂದು ಕಡೆಗೆ ಹೊರಳಿತು. ಸಕ್ಕರೆಯ ನೀರು ಬೆಳಕನ್ನು ತಿರುಗಿಸುವ ರಹಸ್ಯಕ್ಕೆ ಇದು ಕೈಯಲ್ಲಿ ಹಿಡಿದು ತೋರಿಸಬಹುದಾದ ದೃಷ್ಟಾಂತವಾಯಿತು. 1898ರಲ್ಲಿ ಈ ವಿಷಯದ ಪ್ರಬಂಧವು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಕಟವಾಯಿತು.

ಇವು ಅಗ್ಗದ ವಸ್ತುಗಳೆಂದ ಮಾತ್ರಕ್ಕೆ ಕೆಲಸವು ಒರಟಾಗಿತ್ತೆಂದು ವಾಚಕರು ತಿಳಿಯಬಾರದು. ನಾವು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ರೇಕುಗಳ ಅಂತರ, ಸುರುಳಿಗಳ ಒತ್ತಡ, ಪಟ್ಟಕಗಳ ಕೋನ ಇವೆಲ್ಲವನ್ನೂ ಅಳೆದು, ಅಳೆದುದನ್ನು ಮತ್ತೆ ಅಳೆದು, ಫಲವನ್ನು ಅಂಕಿಗಳಲ್ಲಿ ಬರೆದುದರಿಂದಲೇ ರ್‍ಯಾಲೆಯಂತಹವರು ಆ ಪ್ರಬಂಧಗಳನ್ನು ವಿದ್ವತ್ಸಭೆಯ ಮುಂದೆ ಇಟ್ಟರು. ವಸ್ತು ಬಡದಾದರೂ ಅಳತೆ ಬಡದಾಗಲಿಲ್ಲ. ಭಾರತೀಯರಿಗೆ ನಿಖರತೆ ಬಾರದೆಂದವರಿಗೆ ದೊರೆತ ಉತ್ತರವು ಭಾಷಣವಲ್ಲ, ಆ ಅಂಕಿಗಳು.

1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಅವರು ಬಂಗಾಳದ ಲೆಫ್ಟಿನೆಂಟ್ ಗವರ್ನರರ ಸಮಕ್ಷಮದಲ್ಲಿ ಒಂದು ಪ್ರದರ್ಶನವನ್ನು ನಡೆಸಿದರು. ಅಲೆಗಳು ಗೋಡೆಗಳನ್ನೂ, ಗವರ್ನರರ ಸ್ಥೂಲ ದೇಹವನ್ನೂ ಹಾಯ್ದು, 75 ಅಡಿಗಳಾಚೆಯ ಕೋಣೆಯಲ್ಲಿ ಗಂಟೆಯನ್ನು ಬಾರಿಸಿದುವು, ಪಿಸ್ತೂಲನ್ನು ಹಾರಿಸಿದುವು, ಮದ್ದನ್ನು ಸ್ಫೋಟಗೊಳಿಸಿದುವು. ಇನ್ನೂ ದೂರಕ್ಕೆ ಸಂಕೇತವನ್ನು ಮುಟ್ಟಿಸುವುದಕ್ಕಾಗಿ ಅವರು 20 ಅಡಿ ಎತ್ತರದ ಕಂಬದ ತುದಿಗೆ ದುಂಡನೆಯ ಲೋಹದ ತಟ್ಟೆಯನ್ನು ಕಟ್ಟಿ ಪ್ರೇಷಕಕ್ಕೆ ಕೂಡಿಸಿದರು. ಗ್ರಾಹಕಕ್ಕೂ ಅಂತಹುದೇ ಒಂದು. ನಮ್ಮ ಮಾಳಿಗೆಯ ಬಿದಿರು ಗಳಗಳಿಗೆ ಇದನ್ನು ಹಿರಿಯಣ್ಣನೆನ್ನೋಣ. ಕಾಲೇಜಿನಿಂದ ಒಂದು ಮೈಲಿ ದೂರದ ತಮ್ಮ ಮನೆಗೆ ಸಂಕೇತ ಕಳುಹಿಸುವ ಸಿದ್ಧತೆಯನ್ನು ಅವರು ನಡೆಸಿದ್ದರು. ಅಷ್ಟರಲ್ಲಿ ಇಂಗ್ಲೆಂಡಿನ ಪ್ರಯಾಣವೊದಗಿ ಆ ಪ್ರಯೋಗವು ನಿಂತುಹೋಯಿತು.

1896ರಲ್ಲಿ ಲಂಡನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನು ಕೊಟ್ಟಿತು. 1897ನೆಯ ಜನವರಿ 29ರಂದು ಫ್ಯಾರಡೆಯ ಕೀರ್ತಿಯಿಂದ ಪಾವನವಾದ ರಾಯಲ್ ಇನ್‌ಸ್ಟಿಟ್ಯೂಷನ್ನಿನ ವೇದಿಕೆಯ ಮೇಲೆ ಕಲ್ಕತ್ತೆಯ ತಗಡಿನವನು ಬೆಸೆದ ಉಪಕರಣಗಳು ನಿಂತುವು. ಅಲ್ಲಿನ ವಿದ್ವಾಂಸರು ಬೆರಗಾದುದಲ್ಲದೆ, ಇವರಿಗೆ ಒಳ್ಳೆಯ ಪ್ರಯೋಗಶಾಲೆಯನ್ನು ಕಟ್ಟಿಸಿಕೊಡಬೇಕೆಂದು ಭಾರತ ಸರಕಾರಕ್ಕೆ ಶಿಫಾರಸು ಮಾಡಿದರು. ಆ ಶಿಫಾರಸು ಕಛೇರಿಯಿಂದ ಕಛೇರಿಗೆ ಸುತ್ತಿತು; ಪ್ರೆಸಿಡೆನ್ಸಿ ಕಾಲೇಜಿಗೆ ತಕ್ಕ ಪ್ರಯೋಗಶಾಲೆ ದೊರೆತುದು 1914ರಲ್ಲಿ, ಬೋಸರು ನಿವೃತ್ತರಾಗುವುದಕ್ಕೆ ಒಂದು ವರ್ಷ ಮೊದಲು. ಕಡತಗಳನ್ನು ಕೈಯಲ್ಲಿ ಹಿಡಿದಿರುವ ವಾಚಕರು ಈ ಒಂದು ಸಂಗತಿಯ ಮೇಲೆ ಕ್ಷಣಕಾಲ ಮನಸ್ಸನ್ನು ನಿಲ್ಲಿಸಬೇಕೆಂದು ಬೇಡುತ್ತೇವೆ.

ರೇಡಿಯೋವನ್ನು ಕಂಡುಹಿಡಿದವರು ಬೋಸರೇ, ಮಾರ್ಕೋನಿಯು ಕದ್ದನು ಎಂಬ ಮಾತನ್ನು ನಮ್ಮವರು ಆಗಾಗ ಆವೇಶದಿಂದ ಆಡುತ್ತಾರೆ. ಸ್ವದೇಶಾಭಿಮಾನಕ್ಕೆ ಅಸತ್ಯದ ಊರುಗೋಲು ಬೇಕಾಗಿಲ್ಲ. ಬೋಸರ ಕಿರಿಯ ಅಲೆಗಳು ಬೆಳಕಿನಂತೆ ನೇರವಾಗಿ ಹೋಗುವುವು. ಭೂಮಿಯ ಬಾಗನ್ನು ದಾಟಿ ಸಮುದ್ರದಾಚೆಗೆ ಹೋಗಲು ಅವು ತಕ್ಕುವಲ್ಲ. ಮಾರ್ಕೋನಿಯು ಉದ್ದವಾದ ಅಲೆಗಳನ್ನೂ, ಎತ್ತರದ ತಂತಿಯನ್ನೂ, ನೆಲಕ್ಕೆ ಕೂಡಿಸಿದ ಸಂಪರ್ಕವನ್ನೂ ಬಳಸಿ 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದಾಚೆ ಸಂಕೇತವನ್ನು ಹಿಡಿದನು. ಆ ದಿನ ಅವನ ತಂತಿಯನ್ನು ಆಕಾಶಕ್ಕೆ ಎತ್ತಿ ಹಿಡಿದುದು ಒಂದು ಗಾಳಿಪಟ! ಅವನ ಸಾಹಸವು ಅವನದೇ. ಅಂದು ಅವನು ಬಳಸಿದ ಪಾದರಸದ ಗ್ರಾಹಕವು 1899ರಲ್ಲಿ ಬೋಸರು ಪ್ರಕಟಿಸಿದ ಸಾಧನದಿಂದ ಬಂದುದೆಂದು 1998ರಲ್ಲಿ ವಿದ್ವಾಂಸರೊಬ್ಬರು ಸಾಧಾರವಾಗಿ ವಾದಿಸಿದ್ದಾರೆ. ಸಲ್ಲಬೇಕಾದ ಗೌರವವು ಸಲ್ಲಲಿ. ಸಲ್ಲದುದನ್ನು ಬೇಡುವುದು ಬೋಸರ ಅಳತೆಗೋಲಿಗೆ ಒಪ್ಪುವ ಕೆಲಸವಲ್ಲ.

ಅವರದೇ ಎನ್ನಬಹುದಾದ ಮತ್ತೊಂದು ಶೋಧವಿದೆ. ಗೆಲೀನಾ ಎಂಬ ಸೀಸದ ಅದಿರಿನ ಹರಳಿಗೆ ಲೋಹದ ಮೊನೆಯನ್ನು ತಾಕಿಸಿದರೆ ಅದು ಅಲೆಗಳನ್ನು ಗುರುತಿಸುವುದೆಂದು ಅವರು ಕಂಡರು. ಮುಂದೆ ಹುಡುಗರು ಮನೆಮನೆಯಲ್ಲಿ ಕಟ್ಟಿಕೊಂಡ ಹರಳಿನ ರೇಡಿಯೋವಿನ ಜೀವಾಳವೇ ಇದು. ಇಂದಿನ ಅರೆವಾಹಕ ಯಂತ್ರಗಳ ಕುಲಕ್ಕೂ ಇದು ಆದಿ. 1901ರ ಮೇ ತಿಂಗಳಿನಲ್ಲಿ ಲಂಡನ್ನಿನಲ್ಲಿ ತಂತಿ ಕಂಪೆನಿಯೊಂದರ ಕೋಟ್ಯಧೀಶ ಮಾಲೀಕನು ಅವರನ್ನು ಕಂಡು, ಶೋಧಗಳಿಗೆ ಪೇಟೆಂಟು ಪಡೆಯೋಣ, ಲಾಭದಲ್ಲಿ ಪಾಲು ಕೊಡುವೆನು ಎಂದು ಆಸೆ ತೋರಿದನು. ಬೋಸರು ಒಪ್ಪಲಿಲ್ಲ, ತಮ್ಮ ಈ ಅಸಹ್ಯವನ್ನು ಮಿತ್ರರಾದ ರವೀಂದ್ರನಾಥ ಠಾಕೂರರಿಗೆ ಬರೆದು ತಿಳಿಸಿದರು. ಸೋದರಿ ನಿವೇದಿತಾ ಮತ್ತು ಅಮೆರಿಕದ ಸಾರಾ ಬುಲ್ ಅವರ ಒತ್ತಾಯದಿಂದ ಹರಳಿನ ಗ್ರಾಹಕಕ್ಕೆ ಮಾತ್ರ 1901ರಲ್ಲಿ ಅರ್ಜಿ ಹೋಗಿ, 1904ರ ಮಾರ್ಚ್ 29ರಂದು ಅಮೆರಿಕದ ಪೇಟೆಂಟು ದೊರೆಯಿತು. ಅದರಿಂದ ಅವರು ಹಣ ಮಾಡಲಿಲ್ಲ. ಹಕ್ಕು ಹಾಗೆಯೇ ಕಳೆದುಹೋಯಿತು.

ಈ ತ್ಯಾಗವನ್ನು ಹೊಗಳುವುದು ವಾಡಿಕೆ. ನಾವೂ ತಲೆಬಾಗುತ್ತೇವೆ. ಆದರೆ ಅಷ್ಟರಲ್ಲಿಯೇ ನಿಲ್ಲುವುದು ಆತ್ಮವಂಚನೆ. ವಿದ್ಯೆಯನ್ನು ಮಾರಲಾರೆನೆನ್ನುವುದು ಋಷಿಗೆ ಭೂಷಣ. ಆದರೆ ಋಷಿಯು ಬಿತ್ತಿದುದನ್ನು ಬೆಳೆದು ಕಣಕ್ಕೆ ತರಬೇಕಾದವರು ಗೃಹಸ್ಥರು. ಗ್ರಾಹಕದ ಶೋಧವು ಕಲ್ಕತ್ತೆಯಲ್ಲಿ. ಅದನ್ನು ಕಾರಖಾನೆಯಲ್ಲಿ ಮಾಡಿದವರು ಪರದೇಶದವರು. ಮಾಡಿದುದನ್ನು ಬೆಲೆ ಕೊಟ್ಟು ಕೊಂಡವರು ನಾವು. ಪಾರತಂತ್ರ್ಯವು ಇದಕ್ಕೆ ಒಂದು ಕಾರಣ, ಒಪ್ಪಿದೆವು. 1947ರಲ್ಲಿ ಆ ಕಾರಣವು ತೊಲಗಿತು. ಅಭ್ಯಾಸವೂ ಅದರೊಡನೆ ತೊಲಗಿತೆ?

ಇನ್ನುಳಿದ ಜೀವನವನ್ನು ಸಂಕ್ಷೇಪವಾಗಿ ಹೇಳಬಹುದು. 1900ರ ಅನಂತರ ಅವರ ಮನಸ್ಸು ಸಸ್ಯಗಳ ಸ್ಪಂದನದತ್ತ ತಿರುಗಿತು. ಗಿಡದ ಕ್ಷಣಕ್ಷಣದ ಬೆಳವಣಿಗೆಯನ್ನು ಹಿಗ್ಗಿಸಿ ತೋರಿಸುವ ಯಂತ್ರವನ್ನು ರಚಿಸಿದರು. ಅವರ ತೀರ್ಮಾನಗಳನ್ನು ಶಾರೀರವಿಜ್ಞಾನಿಗಳಲ್ಲಿ ಹಲವರು ಒಪ್ಪಲಿಲ್ಲ. ಯಂತ್ರಗಳ ಸೂಕ್ಷ್ಮತೆಯನ್ನು ಅಲ್ಲಗಳೆದವರು ಕಡಿಮೆ. 1917ರ ನವೆಂಬರ್ 30ರಂದು, ತಮ್ಮ ಹುಟ್ಟಿದ ದಿನದಂದೇ, ತಮ್ಮ ಉಳಿತಾಯವನ್ನೂ ದೇಶಬಾಂಧವರ ದಾನವನ್ನೂ ಸೇರಿಸಿ ಕಲ್ಕತ್ತೆಯಲ್ಲಿ ವಿಜ್ಞಾನಮಂದಿರವನ್ನು ಸ್ಥಾಪಿಸಿದರು. ಲೋಕಹಿತಕ್ಕಾಗಿ ತನ್ನ ಎಲುಬುಗಳನ್ನಿತ್ತ ದಧೀಚಿಯನ್ನು ನೆನಪಿಗೆ ತರುವ ವಜ್ರಾಯುಧವೇ ಅದರ ಲಾಂಛನ. ಅದೇ ವರ್ಷ ಅವರಿಗೆ ಸರ್ ಪದವಿಯೂ, 1920ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಬಂದುವು. 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ಕಾಲವಾದರು.

ಅವರ ಕಿರಿಯ ಅಲೆಗಳನ್ನು ಲೋಕವು ಅರ್ಧ ಶತಮಾನ ಮರೆತಿತ್ತು. ಅನಂತರ ರಾಡಾರಿಗೂ, ನಕ್ಷತ್ರವೀಕ್ಷಣೆಗೂ, ಹೊಸ ದೂರವಾಣಿಗಳಿಗೂ ಅವೇ ಬೇಕಾದುವು. 1990ರ ದಶಕದಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ 12 ಮೀಟರ್ ದೂರದರ್ಶಕಕ್ಕೆ ಹೊಸ ಗ್ರಾಹಕವನ್ನು ಕಟ್ಟಿದವರು ಬೋಸರ 1897ರ ಬರಹಗಳಿಂದ ಕಲ್ಪನೆಗಳನ್ನು ಪಡೆದರು. 2012ರಲ್ಲಿ ವಿದ್ಯುತ್ ಯಂತ್ರಶಿಲ್ಪಿಗಳ ಅಂತರರಾಷ್ಟ್ರೀಯ ಸಂಸ್ಥೆಯು ಅವರ 1894-96ರ ಪ್ರಯೋಗಗಳನ್ನು ಚರಿತ್ರೆಯ ಮೈಲಿಗಲ್ಲೆಂದು ಸಾರಿತು.

ಇಂತಹ ಕೆಲಸವು ಬಂಗಾಳದ ನೀರಿಗೆ ಮಾತ್ರ ಸಂದುದಲ್ಲ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರೇಷಕಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಅಲ್ಲಿ ಮೊಳಗಿದ ಆಕಾಶವಾಣಿಯೆಂಬ ಹೆಸರು ಮುಂದೆ ಸಮಸ್ತ ಭಾರತದ ಬಾನುಲಿಗೆ ಹೆಸರಾಯಿತು. ಸರಕಾರದ ಮಂಜೂರಾತಿಗಾಗಿ ಅವರು ಕಾದಿದ್ದರೆ ಆ ಹೆಸರು ಮೈಸೂರಿನಿಂದ ಹೊರಡುತ್ತಿರಲಿಲ್ಲ.

ಬೋಸರ ಜಯಂತಿಯಂದು ಚಿತ್ರಪಟಕ್ಕೆ ಹಾರ ಹಾಕುವುದು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಆ ದಿನ ಪ್ರತಿಯೊಂದು ಪ್ರೌಢಶಾಲೆಯ ಮೇಜಿನ ಮೇಲೆ ಒಂದು ಹಳೆಯ ಪುಸ್ತಕ, ಕೆಲವು ತವರದ ರೇಕು, ಒಂದು ತಗಡಿನ ಆಲಿಕೆ, ಒಂದು ಅಳತೆಯ ಕೋಲು ಇರಲಿ. ಊರಿನ ತಗಡಿನ ಕೆಲಸದವನನ್ನು ಕರೆದು ಹುಡುಗರ ಪಕ್ಕದಲ್ಲಿ ಮರ್ಯಾದೆಯಿಂದ ಕುಳ್ಳಿರಿಸಲಿ. ಬೋಸರ ಕೀರ್ತಿಯಲ್ಲಿ ಅವನ ಕುಲದವರಿಗೂ ಪಾಲುಂಟು. ಇದಕ್ಕೆ ಆಗುವ ವೆಚ್ಚವು ಒಂದು ಹಾರದ ಬೆಲೆಗಿಂತ ಹೆಚ್ಚಲ್ಲ. ಹಣವಿಲ್ಲವೆಂಬ ಮಾತನ್ನು ಅಧಿಕಾರಿಗಳು ಇಲ್ಲಿಯಾದರೂ ಆಡಲಾರರೆಂದು ನಂಬಿದ್ದೇವೆ.